ಊಹೆಯೂ ಒಂದು ಓದು

ಕಥೆ ಮುಗಿಯಿತೆಂದು ಹೇಳಿದ ಮೇಲೂ ‘ಆಮೇಲೆ?’ ಎಂದು ಕೇಳದ ಮಗುವಿಲ್ಲ. ದೊಡ್ಡವರಾದ ಮೇಲೆ ನಾವು ಹಾಗೆ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಗಾಂಭೀರ್ಯಕ್ಕೆ ಕುಂದೆಂದು ಭಾವಿಸುತ್ತೇವೆ. ಆದರೆ ಆ ಪ್ರಶ್ನೆಯನ್ನು ಇಂದಿನ ತರುಣರು ಸಂಕೋಚವಿಲ್ಲದೆ, ಗುಂಪುಗೂಡಿ, ಹಗಲಿರುಳೂ ಕೇಳುತ್ತಿರುವ ಒಂದು ಕ್ಷೇತ್ರವುಂಟು. ಅದು ಕಾವ್ಯವಲ್ಲ, ಕಾದಂಬರಿಯಲ್ಲ, ನಾಟಕವೂ ಅಲ್ಲ, ವಿಡಿಯೋ ಗೇಮು. ಸಾಹಿತ್ಯದ ಪುಟದಲ್ಲಿ ಈ ಮಾತೇಕೆಂದು ಹುಬ್ಬುಗಂಟಿಕ್ಕುವ ವಾಚಕರು ತುಸು ತಾಳ್ಮೆ ವಹಿಸಬೇಕೆಂದು ಬೇಡುತ್ತೇನೆ. ನಾನು ಹೇಳಹೊರಟಿರುವುದು ಆಟದ ವಿಷಯವೇ ಆದರೂ ಅದರ ಬೇರು ಇರುವುದು ಓದಿನ ನೆಲದಲ್ಲಿ.

ಒಂದು ಆಟ ಹೊರಬಂದು ಕೆಲವು ತಿಂಗಳೋ ವರ್ಷವೋ ಕಳೆದ ಮೇಲೆ, ಅದಕ್ಕೆ ಜೋಡಿಸಿಕೊಳ್ಳತಕ್ಕ ಹೊಸ ಭಾಗವೊಂದನ್ನು ತಯಾರಕರು ಹೊರಡಿಸುವುದುಂಟು. ಹಣ ತೆತ್ತು ಅದನ್ನು ಅಂತರ್ಜಾಲದಿಂದ ಇಳಿಸಿಕೊಂಡರೆ ಹಳೆಯ ಲೋಕದಲ್ಲಿಯೇ ಹೊಸ ನಾಡು, ಹೊಸ ಪಾತ್ರ, ಹೊಸ ಕದನ. ಆಟಗಾರರು ಇದನ್ನು ‘ಡಿಎಲ್‌ಸಿ’ ಎಂದು ಚುಟುಕಾಗಿ ಕರೆಯುತ್ತಾರೆ. ನಾನು ವಿಸ್ತರಣೆ ಎನ್ನುತ್ತೇನೆ. ನಮಗೆ ಇದು ಅಪರಿಚಿತ ವಸ್ತುವೇನಲ್ಲ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಂತ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಹೇಳಿ ಪೂರೈಸಿದ. ಲಕ್ಷ್ಮೀಶನಾದರೋ ಅಶ್ವಮೇಧದ ಕಥೆಯೊಂದನ್ನೇ ಹಿಡಿದು ಇಡೀ ಕಾವ್ಯವನ್ನು ಕಟ್ಟಿದ. ಮೂಲದ ಗಡಿಯಾಚೆ ಇನ್ನೊಂದು ಹೆಜ್ಜೆ ಇಡಬೇಕೆಂಬ ಆಸೆ ಹಳೆಯದು. ಇಳಿಸಿಕೊಳ್ಳುವ ಯಂತ್ರ ಮಾತ್ರ ಹೊಸದು.

ಆದರೆ ಪ್ರಕೃತ ನನ್ನ ವಿಷಯ ವಿಸ್ತರಣೆಯಲ್ಲ; ಅದು ಬರುವುದಕ್ಕೆ ಮೊದಲು ಆಟಗಾರರು ಮಾಡುವ ಊಹೆ. ಏನು ಬಂದೀತು, ಯಾರು ಮರಳಿಯಾರು, ಯಾವ ಗುಟ್ಟು ಬಯಲಾದೀತು ಎಂದು ಅವರು ನಡೆಸುವ ಚರ್ಚೆಯನ್ನು ಹಿರಿಯರು ಕೆಲಸವಿಲ್ಲದವರ ಹರಟೆಯೆಂದು ತಳ್ಳಿಹಾಕುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಆ ಊಹೆ ಚೆನ್ನಾಗಿ ನಡೆದಾಗ ಅದು ಶುದ್ಧವಾದ ಓದು. ನಮ್ಮ ತರಗತಿಗಳಲ್ಲಿ ಕಾಣೆಯಾಗುತ್ತಿರುವ ಓದೂ ಅದೇ.

ಇದಕ್ಕೆ ಒಂದೇ ನಿದರ್ಶನವನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ ೨೦೨೨ರ ಫೆಬ್ರವರಿಯಲ್ಲಿ ‘ಎಲ್ಡೆನ್ ರಿಂಗ್’ ಎಂಬ ಆಟವನ್ನು ಹೊರತಂದಿತು. ಅದರ ನಿರ್ದೇಶಕ ಹಿದೆತಾಕಾ ಮಿಯಾಝಾಕಿ. ಕಥೆಯ ಹಿನ್ನೆಲೆಯ ಪುರಾಣವನ್ನು ರಚಿಸಿಕೊಟ್ಟವರು ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್. ಎರಡೂವರೆ ವರ್ಷ ತುಂಬುವುದರೊಳಗೆ ಅದರ ಎರಡೂವರೆ ಕೋಟಿ ಪ್ರತಿಗಳು ಮಾರಾಟವಾದವು. ಲೋಕದ ಕಟ್ಟಳೆಗೆ ಆಧಾರವಾದ ಎಲ್ಡೆನ್ ರಿಂಗ್ ಒಡೆದುಹೋಗುತ್ತದೆ. ಅದರ ಚೂರುಗಳನ್ನು ಪಡೆದ ರಾಜಮನೆತನದ ಅರೆದೇವತೆಗಳು ಪರಸ್ಪರ ಹೊಡೆದಾಡಿ ನಾಡನ್ನು ಹಾಳುಗೆಡವುತ್ತಾರೆ. ದಾಯಾದಿ ಕಲಹದ ಈ ಸಾರಾಂಶ ನಮ್ಮವರಿಗೆ ಅಷ್ಟೇನೂ ಹೊಸದೆನ್ನಿಸದು.

ಹೊಸದೆಂದರೆ ಕಥೆ ಹೇಳುವ ರೀತಿ. ಈ ಆಟದಲ್ಲಿ ಕಥೆಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಆಟಗಾರನಿಗೆ ದಾರಿಯಲ್ಲಿ ಒಂದು ಕತ್ತಿ ಸಿಕ್ಕುತ್ತದೆ, ಒಂದು ಉಂಗುರ, ಒಂದು ಒಣ ಕೊಂಬೆ. ಪ್ರತಿಯೊಂದರ ಜೊತೆಗೂ ಎರಡು ಮೂರು ವಾಕ್ಯಗಳ ವಿವರಣೆ, ಅದೂ ಅರ್ಧಂಬರ್ಧ. ಊರಾಚೆಯ ವೀರಗಲ್ಲನ್ನೂ ಸವೆದ ಶಾಸನವನ್ನೂ ಓದಿ ಸಂಶೋಧಕನು ಅರಸುಮನೆತನವೊಂದರ ಚರಿತ್ರೆಯನ್ನು ಜೋಡಿಸುವಂತೆ, ಆಟಗಾರನು ಈ ತುಣುಕುಗಳಿಂದ ಕಥೆಯನ್ನು ಜೋಡಿಸಿಕೊಳ್ಳಬೇಕು. ಈ ರೀತಿಯ ಮೂಲವನ್ನು ಮಿಯಾಝಾಕಿಯೇ ಹೇಳಿದ್ದಾರೆ. ಹುಡುಗನಾಗಿದ್ದಾಗ ತಮಗೆ ಪೂರ್ತಿ ಅರ್ಥವಾಗದ ಇಂಗ್ಲಿಷಿನ ಅದ್ಭುತ ಕಥೆಗಳನ್ನು ಅವರು ಓದುತ್ತಿದ್ದರಂತೆ. ಅರ್ಥವಾಗದ ಕಡೆಗಳನ್ನು ಸ್ವಂತ ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದರಂತೆ. ಕನ್ನಡ ಶಾಲೆಯಲ್ಲಿ ಕಲಿತು, ನಿಘಂಟಿಲ್ಲದೆ ಮೊದಲ ಇಂಗ್ಲಿಷ್ ಕಾದಂಬರಿಯನ್ನು ಕೈಗೆತ್ತಿಕೊಂಡ ಯಾರಿಗಾದರೂ ಈ ಮಾತು ತಮ್ಮದೇ ಎನ್ನಿಸದೆ ಇರದು. ಅರ್ಥವಾಗದ ಪುಟಗಳಲ್ಲಿ ನಾವು ಕಂಡ ಕಥೆ ಲೇಖಕ ಬರೆದದ್ದಕ್ಕಿಂತ ಎಷ್ಟೋ ಸಲ ದೊಡ್ಡದಾಗಿತ್ತು.

ಇನ್ನು ಊಹೆಯ ಸಂಗತಿ. ಆ ಮನೆತನದಲ್ಲಿ ಮಿಕೆಲ್ಲಾ ಎಂಬೊಬ್ಬನಿದ್ದಾನೆ. ಎಂದೆಂದಿಗೂ ಬೆಳೆಯದೆ ಬಾಲಕನಾಗಿಯೇ ಉಳಿಯಬೇಕೆಂಬ ಶಾಪ ಅವನಿಗೆ. ಮೂಲ ಆಟದಲ್ಲಿ ಅವನ ಹೆಸರು ಹಲವೆಡೆ ಕೇಳಿಬರುತ್ತದೆ. ಅವನು ಮಾತ್ರ ಒಂದು ಮಾತನ್ನೂ ಆಡುವುದಿಲ್ಲ. ನೆಲದಾಳದ ಅರಮನೆಯೊಂದರಲ್ಲಿ, ಮೊಗ್ ಎಂಬ ಭಯಂಕರನ ವಶದಲ್ಲಿ, ಒಂದು ದೊಡ್ಡ ಗೂಡು. ಅದರಿಂದ ಹೊರಕ್ಕೆ ಜೋತುಬಿದ್ದ ಒಂದು ಬತ್ತಿದ ತೋಳು. ಇಷ್ಟೇ. ವಿಸ್ತರಣೆ ಬರುವುದಾದರೆ ಅದರ ಬಾಗಿಲು ಇಲ್ಲಿಯೇ ತೆರೆದೀತೆಂದು ನೋಡಿದ ಬಹಳ ಮಂದಿಗೆ ತೋರಿತು.

೨೦೨೩ರ ಫೆಬ್ರವರಿ ೨೮ರಂದು ಸಂಸ್ಥೆ ವಿಸ್ತರಣೆಯ ಹೆಸರನ್ನೂ ಒಂದು ಚಿತ್ರವನ್ನೂ ಪ್ರಕಟಿಸಿ ಸುಮ್ಮನಾಯಿತು. ಹೆಸರು ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’. ಚಿತ್ರದಲ್ಲಿ ಹೊಂಬಣ್ಣದ ಹುಲ್ಲುಬಯಲು, ಮಂಜಿನಂತೆ ತೋರುವ ಗೋರಿಕಲ್ಲುಗಳು, ದೂರದಲ್ಲಿ ನೆರಳುಗವಿದ ಮಹಾವೃಕ್ಷ, ಅದರತ್ತ ಮುಖಮಾಡಿ ಸವಾರಿ ಹೊರಟ ಒಂದು ಆಕೃತಿ. ಮುಂದಿನ ಚಲನಚಿತ್ರದ ತುಣುಕು ಹೊರಬಿದ್ದದ್ದು ೨೦೨೪ರ ಫೆಬ್ರವರಿ ೨೧ರಂದು. ಆ ಒಂದು ವರ್ಷ ಈ ಒಂದು ಚಿತ್ರಕ್ಕೆ ನಡೆದ ವ್ಯಾಖ್ಯಾನವನ್ನು ಕಂಡಿದ್ದರೆ ಮಲ್ಲಿನಾಥನೂ ಬೆರಗಾಗುತ್ತಿದ್ದ. ಸವಾರ ಮಿಕೆಲ್ಲಾನೋ ಅಲ್ಲವೋ, ಗೋರಿಗಳು ಯಾರವು, ಮರದ ನೆರಳೆಂದರೇನು ಎಂದು ಪೂರ್ವಪಕ್ಷ, ಉತ್ತರಪಕ್ಷ, ಸಿದ್ಧಾಂತಗಳು ಸಾಲುಗಟ್ಟಿದವು. ಇವುಗಳಲ್ಲಿ ಜೊಳ್ಳು ಬಹಳವಿತ್ತು. ಅದು ಒಪ್ಪತಕ್ಕ ಮಾತೇ. ಆದರೆ ಒಳ್ಳೆಯ ಊಹೆಗಾರರಲ್ಲಿ ಒಂದು ನಿಯಮವಿತ್ತು: ಹೇಳಿದ್ದಕ್ಕೆಲ್ಲ ಮೂಲದಿಂದ ಪ್ರಮಾಣ ಕೊಡಬೇಕು. ‘ನನಗೆ ಹೀಗನ್ನಿಸುತ್ತದೆ’ ಎಂದವನನ್ನು ‘ಎಲ್ಲಿದೆ ತೋರಿಸು’ ಎಂದು ಕೇಳುತ್ತಿದ್ದರು. ಇದಕ್ಕಿಂತ ಒಳ್ಳೆಯ ವಿಮರ್ಶೆಯ ನಿಯಮ ನನಗೆ ತಿಳಿಯದು.

ವಿಸ್ತರಣೆ ೨೦೨೪ರ ಜೂನ್ ೨೧ರಂದು ಬಂದಿತು; ಮೂರೇ ದಿನಗಳಲ್ಲಿ ಐವತ್ತು ಲಕ್ಷ ಪ್ರತಿಗಳು ಹೋದವು. ಬಾಗಿಲು ತೆರೆದದ್ದು ಆ ಬತ್ತಿದ ತೋಳಿನ ಬಳಿಯೇ. ನಿದ್ರೆಯ ದೇವತೆಯಂಥ ಟ್ರೀನಾ ಎಂಬಾಕೆಯೂ ಮಿಕೆಲ್ಲಾನೂ ಬೇರೆಯಲ್ಲವೆಂದು ಹಲವರು ಮೊದಲೇ ತರ್ಕಿಸಿದ್ದರು; ಅದೂ ನಿಜವಾಯಿತು. ಆದರೆ ಗಾಡ್ವಿನ್‌ನ ವಿಷಯದಲ್ಲಿ ಊಹೆ ಕೈಕೊಟ್ಟಿತು. ಗಾಡ್ವಿನ್ ಅರೆದೇವತೆಗಳಲ್ಲಿ ಮೊಟ್ಟಮೊದಲು ಸತ್ತವನು. ಆತ್ಮ ಸತ್ತಿತು, ದೇಹ ಸಾಯಲಿಲ್ಲ. ಅವನಿಗೆ ನಿಜವಾದ ಮರಣವಾದರೂ ದೊರೆಯಲೆಂದು ಬಾಲಕನೊಬ್ಬ ಬೇಡಿಕೊಂಡ ಸಂಗತಿ ಮೂಲ ಆಟದ ಒಂದು ಕತ್ತಿಯ ವಿವರಣೆಯಲ್ಲಿದೆ. ಈ ಬೇಡಿಕೆ ಈಡೇರುವುದನ್ನು ವಿಸ್ತರಣೆಯಲ್ಲಿ ಕಾಣುವೆವೆಂದು ಅಸಂಖ್ಯರು ನಂಬಿದ್ದರು. ಕಡೆಯ ಕಾಳಗದಲ್ಲಿ ಎದುರು ನಿಂತವನು ಗಾಡ್ವಿನ್ ಅಲ್ಲ. ಮೂಲ ಆಟದಲ್ಲಿಯೇ ಒಮ್ಮೆ ಸೋತು ಮಡಿದಿದ್ದ ರಡಾನ್. ಇದಕ್ಕೆ ಮೂಲದಲ್ಲಿ ಸಾಕಷ್ಟು ಸೂಚನೆ ಇರಲಿಲ್ಲವೆಂದು ಕೋಲಾಹಲವೇ ಎದ್ದಿತು.

ಹಾಗಾದರೆ ಆ ಊಹೆಯ ಶ್ರಮವೆಲ್ಲ ವ್ಯರ್ಥವಾಯಿತೆ? ಆಗಲಿಲ್ಲವೆಂಬುದಕ್ಕೆ ಇನ್ನೊಂದು ಸಂಗತಿಯನ್ನು ಹೇಳಬೇಕು. ಮೂಲ ಆಟವನ್ನು ಆಡಿದವರಲ್ಲಿ ಬಹುಮಂದಿ ಮಿಕೆಲ್ಲಾನನ್ನು ಕರುಣಾಳುವೆಂದೂ ಮೊಗ್ ಅವನನ್ನು ಕದ್ದೊಯ್ದ ಕ್ರೂರಿಯೆಂದೂ ತಿಳಿದಿದ್ದರು. ವಿಸ್ತರಣೆಯಲ್ಲಿ ಕಥೆ ಮಗ್ಗುಲು ಬದಲಾಯಿಸಿತು: ಮೋಡಿ ಹಾಕಿದವನು ಬಾಲಕ, ಮೋಡಿಗೆ ಸಿಕ್ಕವನು ಕ್ರೂರಿ. ಇದನ್ನು ಕೇಳಿ ಬೆಚ್ಚಿದವರು ಹಿಂದಿರುಗಿ ನೋಡಿದರೆ, ಎರಡು ವರ್ಷಗಳಿಂದ ತಮ್ಮ ಜೋಳಿಗೆಯಲ್ಲಿಯೇ ಇದ್ದ ಒಂದು ಕೊಂಬೆಯ ವಿವರಣೆಯಲ್ಲಿ, ಮಿಕೆಲ್ಲಾ ಬಹುಜನಪ್ರಿಯನೆಂಬ ಮಾತಿನ ಜೊತೆಗೆ, ಪ್ರೀತಿಯನ್ನು ಬಲವಂತವಾಗಿ ಪಡೆಯುವ ವಿದ್ಯೆ ಅವನಿಗೆ ಚೆನ್ನಾಗಿ ತಿಳಿದಿದೆಯೆಂಬ ಸೂಚನೆಯೂ ಇತ್ತು! ಎಲ್ಲರೂ ಓದಿದ್ದ ವಾಕ್ಯ. ಕೆಲವರು ಮಾತ್ರ ಅದರ ಬಳಿ ನಿಂತಿದ್ದರು. ಊಹೆಯ ಬೆಲೆ ಅದು ಫಲಿಸುವುದರಲ್ಲಿಲ್ಲ. ಊಹಿಸಬೇಕಾದವನು ವಾಕ್ಯದ ಬಳಿ ನಿಲ್ಲಬೇಕಾಗುತ್ತದೆ. ನಿಂತವನಿಗೆ ವಾಕ್ಯ ತನ್ನ ಒಳಗನ್ನು ತೋರುತ್ತದೆ. ರಡಾನನ ವಿಷಯದಲ್ಲಿ ಆಟಗಾರರು ಎತ್ತಿದ ಆಕ್ಷೇಪಕ್ಕೂ ಬೆಲೆ ಬಂದದ್ದು ಹೀಗೆಯೇ. ಅಷ್ಟು ಎಚ್ಚರದಿಂದ ಓದಿದವರಿಗೆ ಕೃತಿಕಾರನನ್ನು ಪ್ರಶ್ನಿಸುವ ಹಕ್ಕುಂಟು.

ಇಲ್ಲಿ ವ್ಯಾಪಾರದ ಮಾತನ್ನು ಮರೆಯುವಂತಿಲ್ಲ. ೨೦೦೬ರಲ್ಲಿ ‘ಒಬ್ಲಿವಿಯನ್’ ಎಂಬ ಆಟಕ್ಕೆ ಎರಡೂವರೆ ಡಾಲರಿನ ವಿಸ್ತರಣೆಯೊಂದು ಬಂದಿತು; ಅದರಲ್ಲಿದ್ದುದು ಕುದುರೆಗೆ ತೊಡಿಸುವ ಕವಚ! ಜನ ನಕ್ಕರು, ಕೊಂಡವರೂ ಇದ್ದರು. ಅಂದಿನಿಂದ ಇಂದಿನವರೆಗೆ ಆಟದ ಉದ್ಯಮ ಜನರ ನಿರೀಕ್ಷೆಯನ್ನೇ ಸರಕಾಗಿ ಮಾರುವುದನ್ನು ಕಲಿತಿದೆ. ಇನ್ನೂ ರೂಪುಗೊಳ್ಳದ ವಿಸ್ತರಣೆಗಳಿಗೆ ಮುಂಗಡ ಹಣ ಪಡೆಯುವ ಪದ್ಧತಿಯೂ ಬೆಳೆದಿದೆ. ಇಂಥ ಕಡೆ ಆಟಗಾರನ ಊಹೆ ಕೂಲಿಯಿಲ್ಲದ ಜಾಹೀರಾತಾಗಿಬಿಡುತ್ತದೆ.

ಆದುದರಿಂದ ಎರಡು ಬಗೆಯ ಖಾಲಿ ಜಾಗಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ಕಲೆಗಾರ ಬುದ್ಧಿಪೂರ್ವಕವಾಗಿ ಬಿಟ್ಟ ಮೌನ. ಇನ್ನೊಂದು, ತೀರಿಸದೆ ಉಳಿದ ಸಾಲ. ಅಮೆರಿಕದ ವಾಲ್ವ್ ಸಂಸ್ಥೆ ‘ಹಾಫ್-ಲೈಫ್ ೨’ರ ಕಥೆಯನ್ನು ಮೂರು ಕಂತುಗಳಲ್ಲಿ ಮುಂದುವರಿಸುವುದಾಗಿ ಹೇಳಿತು. ಮೊದಲನೆಯದು ೨೦೦೬ರಲ್ಲಿಯೂ ಎರಡನೆಯದು ೨೦೦೭ರಲ್ಲಿಯೂ ಬಂದವು. ಸತ್ತ ತಂದೆಯ ಬಳಿ ಮಗಳು ಗೋಳಿಡುವ ದೃಶ್ಯಕ್ಕೆ ಎರಡನೆಯ ಕಂತು ನಿಂತಿತು. ಮೂರನೆಯದು ಬರಲೇ ಇಲ್ಲ. ಹತ್ತು ವರ್ಷಗಳ ಬಳಿಕ, ೨೦೧೭ರಲ್ಲಿ, ಅಷ್ಟರಲ್ಲಿ ಸಂಸ್ಥೆಯನ್ನು ಬಿಟ್ಟಿದ್ದ ಕಥಾಲೇಖಕ ಮಾರ್ಕ್ ಲೇಡ್ಲಾ ಪಾತ್ರಗಳ ಹೆಸರುಗಳನ್ನು ಬದಲಿಸಿ, ಒಂದು ಪತ್ರದ ರೂಪದಲ್ಲಿ, ಮುಂದಿನ ಕಥೆಯನ್ನು ಓದುಗರ ಮುಂದಿಟ್ಟರು. ಇಲ್ಲಿ ಊಹೆ ಸುಖವಾಗಿರಲಿಲ್ಲ. ಅದು ಬಾಗಿಲಲ್ಲಿ ಕಾದು ಕುಳಿತವರ ದುಃಖವಾಗಿತ್ತು. ಗಾಡ್ವಿನ್‌ನ ಮರಣ ಮೌನ. ಆ ಮೂರನೆಯ ಕಂತು ಸಾಲ. ಮೌನವನ್ನು ಗೌರವಿಸೋಣ; ಸಾಲವನ್ನು ಕೇಳೋಣ.

ಈಗ ನಮ್ಮ ಮನೆಯ ಕಡೆಗೆ ತಿರುಗುತ್ತೇನೆ. ಈ ಆಟಗಳ ಮುಂದೆ ಇಷ್ಟು ಸೂಕ್ಷ್ಮವಾಗಿ ಓದಬಲ್ಲ ವಿದ್ಯಾರ್ಥಿ ಕನ್ನಡ ತರಗತಿಯಲ್ಲಿ ಏಕೆ ಮಂಕಾಗಿ ಕೂರುತ್ತಾನೆ? ಅಲ್ಲಿ ಅವನಿಗೆ ಅನುಮತಿ ಇರುವುದು ಒಂದೇ ಊಹೆಗೆ: ಪರೀಕ್ಷೆಯಲ್ಲಿ ಯಾವ ಪ್ರಶ್ನೆ ಬಂದೀತು ಎಂಬುದಕ್ಕೆ. ಪದ್ಯವನ್ನು ಓದುವ ಮೊದಲೇ ಸಾರಾಂಶ ಅವನ ಕೈಗೆ ಬಂದಿರುತ್ತದೆ. ಗೈಡಿನಲ್ಲಿ ಸ್ವಾರಸ್ಯವನ್ನೂ ಬರೆದಿಟ್ಟಿರುತ್ತಾರೆ. ತುಂಬಿಕೊಳ್ಳಲು ಅವನಿಗೆ ಉಳಿದ ಜಾಗವೆಲ್ಲಿ? ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿನಂತಿ. ರನ್ನನ ‘ಗದಾಯುದ್ಧ’ವನ್ನು ಪಾಠಮಾಡುವಾಗ, ದುರ್ಯೋಧನ ವೈಶಂಪಾಯನ ಸರೋವರವನ್ನು ಹೊಗುವುದಕ್ಕೆ ಮೊದಲು ಒಮ್ಮೆ ಪುಸ್ತಕವನ್ನು ಮುಚ್ಚಿಸಿ. ಕಥೆ ಎಲ್ಲರಿಗೂ ಗೊತ್ತು. ಆದರೆ ಈ ಕವಿ ಅದನ್ನು ಹೇಗೆ ನಡೆಸಿಯಾನು ಎಂದು ಕೇಳಿ. ಉತ್ತರ ಹೇಳಿದವನನ್ನು ‘ಎಲ್ಲಿದೆ ತೋರಿಸು’ ಎಂದು ಮತ್ತೆ ಕೇಳಿ. ಅವನು ಹಿಂದಿನ ಪದ್ಯಗಳನ್ನು ತಾನಾಗಿಯೇ ತಡಕುತ್ತಾನೆ. ಉತ್ತರ ತಪ್ಪಾದರೂ ಚಿಂತೆಯಿಲ್ಲ. ರನ್ನ ಅವನಿಗೆ ಎದುರುಬಂದಿರುತ್ತಾನೆ.

‘ಎಲ್ಡೆನ್ ರಿಂಗ್’ಗೆ ಎರಡನೆಯ ವಿಸ್ತರಣೆಯ ಯೋಜನೆಯಿಲ್ಲವೆಂದು ಮಿಯಾಝಾಕಿ ೨೦೨೪ರಲ್ಲಿಯೇ ಹೇಳಿದರು. ಆದರೂ ಗಾಡ್ವಿನ್‌ನ ಕಥೆ ಎಂದಾದರೂ ಬಂದೀತೆಂದು ಆಸೆಯಿಟ್ಟವರಿದ್ದಾರೆ. ಅದು ಬಾರದಿದ್ದರೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಬಂದರೆ ಒಂದು ಉತ್ತರ ದೊರೆಯುತ್ತದೆ, ನಿಜ. ಆದರೆ ಆ ದಿನವೇ ಕತ್ತಿಯ ಮೇಲಿನ ಬಾಲಕನ ಬೇಡಿಕೆಯನ್ನು ಯಾರೂ ಎರಡನೆಯ ಸಲ ಓದದಂತಾಗುತ್ತದೆ.