ತೀರ್ಪುಗಾರನಿಗೆ ಕರುಣೆಯ ಅಧಿಕಾರ ಉಂಟೇ?

ಆಟದ ಬಯಲಿನಲ್ಲಿ ತೀರ್ಪು ಕೊಡುವವನು ಕ್ರೈಸ್ತನಾಗಿದ್ದರೆ ಅವನಿಗೆ ಒಂದು ತೊಡಕು ಹೆಚ್ಚು. ಭಾನುವಾರ ಬೆಳಿಗ್ಗೆ ದೇವಾಲಯದಲ್ಲಿ ಕ್ಷಮೆಯ ಬೋಧೆಯನ್ನು ಕೇಳಿದವನು ಅದೇ ಸಂಜೆ ಸೀಟಿ ಹಿಡಿದು ಫುಟ್‌ಬಾಲ್ ಮೈದಾನಕ್ಕೆ ಇಳಿಯುತ್ತಾನೆ. ಕ್ಷಮಿಸುತ್ತ ಹೋದರೆ ಆಟ ಕೆಡುತ್ತದೆ. ದಂಡಿಸುತ್ತಲೇ ಹೋದರೆ ಮನಸ್ಸು ಕುಟುಕುತ್ತದೆ. ಪ್ರವಾದಿ ಮೀಕನಾದರೋ ನ್ಯಾಯವನ್ನೂ ಕರುಣೆಯನ್ನೂ ಒಂದೇ ಉಸಿರಿನಲ್ಲಿ ನಮ್ಮಿಂದ ಕೇಳುತ್ತಾನೆ. ತೊಂಬತ್ತು ನಿಮಿಷಗಳೊಳಗೆ ಎರಡನ್ನೂ ಸಲ್ಲಿಸುವ ಬಗೆ ಹೇಗೆ?

ಅತ್ತೆಯ ಧನವನ್ನು ಅಳಿಯ ದಾನ ಮಾಡಿದನೆಂದು ನಮ್ಮಲ್ಲಿ ಗಾದೆಯುಂಟು. ಪೆನಾಲ್ಟಿ ಆವರಣದಲ್ಲಿ ಎದುರಾಳಿಯನ್ನು ಕೆಡವಿದ ಹುಡುಗನು ಕಣ್ಣೀರಿಟ್ಟನೆಂದು ರೆಫರಿ ಸುಮ್ಮನಾದರೆ ಅದು ಇಂಥದೇ ದಾನ. ಆ ಕರುಣೆಯ ಬೆಲೆ ತೆರುವವನು ರೆಫರಿಯಲ್ಲ, ನೆಲಕ್ಕೆ ಬಿದ್ದ ಹುಡುಗ. ಕ್ಷಮಿಸುವ ಹಕ್ಕು ನಷ್ಟವನ್ನು ಹೊರುವವನದು.

ಇದನ್ನು ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥರು ಮುಂಬಯಿಯಲ್ಲಿಯೇ ತೋರಿಸಿಕೊಟ್ಟರು. 1980ರ ಫೆಬ್ರವರಿಯಲ್ಲಿ ವಾಂಖೆಡೆ ಮೈದಾನದಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯ. ಭಾರತಕ್ಕೆ ಅವರೇ ನಾಯಕರು. ಇಂಗ್ಲೆಂಡ್ 58 ರನ್ನುಗಳಿಗೆ ಐದು ವಿಕೆಟ್ ಕಳೆದುಕೊಂಡ ಮೇಲೆ ಬಾಬ್ ಟೇಲರ್ ಬೋಥಮ್‌ರೊಡನೆ ಕೂಡಿಕೊಂಡರು. ಕಪಿಲ್ ದೇವರ ಚೆಂಡಿನಲ್ಲಿ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ವಿಶ್ವನಾಥರಿಗೆ ತೋರಿತು. ಟೇಲರರನ್ನು ಹಿಂದಕ್ಕೆ ಕರೆಸಿದರು. ಆ ಜೋಡಿ 171 ರನ್ ಕೂಡಿಸಿತು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಆ ಔದಾರ್ಯದ ಬೆಲೆಯನ್ನು ತೆತ್ತದ್ದು ನಾಯಕನ ತಂಡವೇ. ಕ್ರಿಕೆಟ್ಟಿನ ನಿಯಮವೂ ಹೀಗೆಯೇ ಇದೆ: ಮನವಿಯನ್ನು ಹಿಂತೆಗೆದುಕೊಳ್ಳುವವನು ನಾಯಕ, ಅಂಪೈರ್ ಅದಕ್ಕೆ ಒಪ್ಪಿಗೆ ಕೊಡುವವನು ಮಾತ್ರ.

ಹಾಗಾದರೆ ತೀರ್ಪುಗಾರನು ಕಲ್ಲಾಗಿರಬೇಕೇ? ಖಂಡಿತ ಬೇಡ. ನಿಯಮವೇ ಅವನಿಗೆ ಕೊಂಚ ಎಡೆ ಬಿಟ್ಟಿದೆ. 1966ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್–ಅರ್ಜೆಂಟೀನ ಪಂದ್ಯದ ಗೊಂದಲವನ್ನು ಕಂಡ ಕೆನ್ ಆಸ್ಟನ್ ಎಂಬ ಇಂಗ್ಲಿಷ್ ರೆಫರಿಗೆ ರಸ್ತೆಯ ಸಂಚಾರ ದೀಪಗಳಿಂದ ಒಂದು ಉಪಾಯ ಹೊಳೆಯಿತು. 1970ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ ಹಳದಿ, ಕೆಂಪು ಚೀಟಿಗಳು ಬಂದವು. ಹಳದಿ ಚೀಟಿ ತಪ್ಪನ್ನು ತಪ್ಪೆಂದೇ ಹೇಳುತ್ತದೆ. ಆದರೂ ಆಟಗಾರನನ್ನು ಅಂಗಳದಲ್ಲಿ ಉಳಿಸುತ್ತದೆ. ಕಲ್ಲೆಸೆಯಲು ನಿಂತವರ ನಡುವೆ ಸಿಕ್ಕಿದ ಹೆಂಗಸಿಗೆ ಯೇಸುಸ್ವಾಮಿ ಶಿಕ್ಷೆ ವಿಧಿಸಲಿಲ್ಲ, ನಿಜ. ಆದರೆ ಆಕೆಯ ಪಾಪವನ್ನು ಪಾಪವಲ್ಲವೆಂದೂ ಹೇಳಲಿಲ್ಲ, ಮತ್ತೆ ಮಾಡಬೇಡವೆಂದೇ ಕಳುಹಿಸಿದರು.

ಇನ್ನು ನಮ್ಮ ಸ್ವಂತ ಗಂಟಿನಿಂದ ಕೊಡಬಹುದಾದದ್ದೂ ಉಂಟು. ಚೀಟಿ ತೋರಿಸುವಾಗ ಹುಡುಗನನ್ನು ಹಂಗಿಸದಿರಬಹುದು. ಮೊದಲ ಅರ್ಧದಲ್ಲಿ ನಮ್ಮನ್ನು ಬೈದವನ ಮೇಲೆ ಎರಡನೆಯ ಅರ್ಧದಲ್ಲಿ ಹಗೆ ಸಾಧಿಸದಿರಬಹುದು. ಬೈಗುಳಕ್ಕೆ ತಕ್ಕ ಚೀಟಿಯನ್ನಂತೂ ಕೊಡಲೇಬೇಕು, ಏಕೆಂದರೆ ರೆಫರಿಯ ಸ್ಥಾನ ಎರಡೂ ತಂಡಗಳ ಸೊತ್ತು. ವರದಿಯಲ್ಲಿ ಒಂದಕ್ಷರವನ್ನೂ ಹೆಚ್ಚಿಸದೆ, ಒಂದಕ್ಷರವನ್ನೂ ಮರೆಮಾಡದೆ ಬರೆಯಬೇಕು. ಆದರೆ ಮನಸ್ಸಿಗಾದ ನೋವು ನಮ್ಮದೇ. ಅದನ್ನು ಮನ್ನಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಕೊನೆಯ ಸೀಟಿಯಾದ ಮೇಲೆ ಅದೇ ಹುಡುಗನ ಕೈ ಕುಲುಕಿ, ಹೆಸರು ಹಿಡಿದು ಮಾತನಾಡಿಸಿದರೆ ಅದೇ ಕರುಣೆ.

ಬಯಲಂಚಿನಲ್ಲಿ ನಿಲ್ಲುವ ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಮಗನಿಗೆ ಚೀಟಿ ಬಿದ್ದಾಗ ರೆಫರಿಯನ್ನು ಶಪಿಸಬೇಡಿ. ಬಿದ್ದ ಹುಡುಗನನ್ನು ಎತ್ತಿ ಬಾ ಎಂದು ಮಗನಿಗೆ ಹೇಳಿ. ನ್ಯಾಯವನ್ನು ರೆಫರಿ ನೋಡಿಕೊಳ್ಳಲಿ. ಕರುಣೆಯನ್ನು ಮಕ್ಕಳು ಮನೆಯಲ್ಲಿಯೇ ಕಲಿತು ಬರಬೇಕು.