ಉಗಿ ದೋಣಿ ಮತ್ತು ನನ್ನ ಹೊಂಡ

ಈ ಸಲ ಸೋಯಾ ಬೀಜೋಪಚಾರದ ಬಗ್ಗೆ ಬರೀತೇನಿ ಅಂತ ಹೇಳಿದ್ದೆ. ಅದನ್ನ ಮುಂದಿನ ವಾರ ಬರೀತೇನಿ. ಯಾಕಂದ್ರ ಕಾಕತಿಯೊಳಗ ನನ್ನ ಬಗ್ಗೆ ಒಂದ ಮಾತ ಅಡ್ಡಾಡಾಕತ್ತೈತಿ. "ಐವತ್ತೈದ ದಾಟಿದ ಮನಷ್ಯಾ ಮೊಮ್ಮಗನ ಜೋಡಿ ಆಟಿಗಿ ದೋಣಿ ಬಿಡಾಕ ಹೋಗಿ ಇಬ್ಬರೂ ಸಾಯತಿದ್ರು" ಅಂತ. ಈ ಮಾತಿನ್ಯಾಗ ಅರ್ಧ ಖರೆ ಐತಿ. ಉಳಿದ ಅರ್ಧ ನಾನ ಹೇಳಬೇಕು. ಹೊಂಡ ಇದ್ದವರು ಪೂರ್ತಿ ಓದ್ರಿ.

ದೋಣಿ ಅಂದ್ರ ತಗಡಿನ ಉಗಿ ದೋಣಿ. ಜಾತ್ರಿಯೊಳಗ ನೀವೂ ನೋಡಿರ್ತೀರಿ. ಅಂಗಡಿಯವ ಅಗಲ ಪರಾತದಾಗ ನೀರ ಹಾಕಿ ಮೂರ ನಾಕ ದೋಣಿ ಬಿಟ್ಟಿರತಾನ, ಪಟಪಟ ಅಂತ ಸಪ್ಪಳ ಮಾಡ್ಕೋತ ಸುತ್ತತಿರತಾವ. ನಮ್ಮ ಕಡೆ ಫಟಫಟಿ ಅಂದ್ರ ಮೋಟಾರ್ ಸೈಕಲ್, ಹಂಗಾಗಿ ಸಣ್ಣವರಿದ್ದಾಗ ನಾವು ಇದಕ್ಕ ನೀರ ಫಟಫಟಿ ಅಂತಿದ್ವಿ. ಇದು ಇಲ್ಲೇ ಹುಟ್ಟಿದ್ದಲ್ಲ. 1891ರಲ್ಲಿ ಥಾಮಸ್ ಪಿಯೊ ಅನ್ನಾವ ಇಂಗ್ಲೆಂಡಿನೊಳಗ ಇದಕ್ಕ ಪೇಟೆಂಟ್ ತಗೊಂಡ, ಆಮೇಲೆ ಮೆಕ್‌ಹ್ಯೂ ಅನ್ನೋ ಅಮೆರಿಕದಾವ ಇದನ್ನ ಸುಧಾರಿಸಿದ ಅಂತ ಮಗಳು ಮೊಬೈಲಿನ್ಯಾಗ ನೋಡಿ ಹೇಳಿದ್ಲು. ಈ ವರ್ಷ ಭಾರತ ಹುಣ್ಣಿಮಿಗೆ ಸವದತ್ತಿ ಗುಡ್ಡಕ್ಕ ಹೋದಾಗ ಮೊಮ್ಮಗನ ಸಲುವಾಗಿ ಒಂದ ತಂದೆ. ಖರೆ ಹೇಳಬೇಕಂದ್ರ ನನ್ನ ಸಲುವಾಗೇ ತಂದೆ.

ಮನಿಗೆ ಬಂದು ಎಣ್ಣಿ ಬತ್ತಿ ಹಚ್ಚಿ ಪರಾತದಾಗ ಬಿಟ್ವಿ. ದೋಣಿ ಅಲಗಲಿಲ್ಲ. ಎರಡ ನಿಮಿಷ ಕಾದು ದೀಪ ಆರಿಸಿದೆ. ಇನ್ನೂ ಹೊತ್ತ ಬಿಟ್ಟಿದ್ರ ಬೆಸುಗಿ ಕರಗಿ ದೋಣಿ ಕೆಟ್ಟ ಹೋಗತಿತ್ತು. ಕೆಳಗ ಮ್ಯಾಲೆ ಮಾಡಿ ನೋಡಿದ ಮ್ಯಾಲೆ ಹೊಳೀತು, ಇದು ನಮ್ಮ ಬಾವಿ ಮೋಟಾರಿನ ಕತಿನ. ಗಾಳಿ ಹಿಡದೈತಿ! ಪಂಪಿನೊಳಗ ಕೊಡದಲೆ ನೀರ ತುಂಬಿ ಗಾಳಿ ಹೊರಗ ಹಾಕಲಿಲ್ಲಂದ್ರ ಮೋಟಾರ್ ಎಷ್ಟ ತಿರಗಿದ್ರೂ ನೀರ ಏರೂದಿಲ್ಲಲ್ಲ, ಹಂಗ. ದೋಣಿ ಹೊಟ್ಟಿಯೊಳಗ ತೆಳು ತಗಡಿನ ಒಂದ ಸಣ್ಣ ಡಬ್ಬಿ ಐತಿ, ಅದ ಬಾಯ್ಲರ್. ಅದರಿಂದ ಎರಡ ನಳಿಗಿ ಹಿಂದಕ್ಕ ಬಂದು ನೀರೊಳಗ ಬಾಯಿ ತೆರದಿರತಾವ. ಆಕಳಿಗೆ ಔಷಧ ಕುಡಿಸೂ ಸಿರಿಂಜ್ ತಂದು ಒಂದ ನಳಿಗಿಯೊಳಗ ನೀರ ಬಿಟ್ಟೆ, ಇನ್ನೊಂದ ನಳಿಗಿಯಿಂದ ನೀರ ಹೊರಗ ಬರೂ ತನಕ. ಆಮೇಲೆ ಬತ್ತಿ ಹಚ್ಚಿದ್ವಿ. ಅರ್ಧ ನಿಮಿಷಕ್ಕ ಪಟ್ ಅಂತು, ಮತ್ತ ಪಟ್, ಆಮೇಲೆ ನಿಲ್ಲಲೇ ಇಲ್ಲ.

ನಡಿಯೂದು ಹಿಂಗ. ಡಬ್ಬಿಯೊಳಗಿನ ನೀರ ಉಗಿ ಆಗತೈತಿ, ಉಗಿ ನಳಿಗಿಯೊಳಗಿನ ನೀರನ್ನ ಹಿಂದಕ್ಕ ದಬ್ಬತೈತಿ, ದೋಣಿ ಮುಂದಕ್ಕ ಹೋಗತೈತಿ. ಆ ಉಗಿ ತಂಪ ನಳಿಗಿಗೆ ಬಂದ ಕೂಡಲೆ ಮತ್ತ ನೀರಾಗತೈತಿ, ಜಾಗಾ ಖಾಲಿ ಆಗತೈತಿ, ಹೊರಗಿನ ನೀರ ಒಳಗ ನುಗ್ಗತೈತಿ. ಡಬ್ಬಿಯ ತೆಳು ತಗಡ ಉಬ್ಬಿ ತಗ್ಗೂದ ಆ ಪಟಪಟ. ಒಂದ ಸೆಕೆಂಡಿನ್ಯಾಗ ಇದು ಎಷ್ಟೋ ಸಲ ಆಗತೈತಿ.

ಆವಾಗ ಮೊಮ್ಮಗ ಕೇಳಿದ, "ಅಜ್ಜಾ, ನೀರ ಹೊರಗ ಹೋದಾಗ ಮುಂದ ಹೋಗತೈತಿ ಅಂದ್ರ, ನೀರ ಒಳಗ ಬಂದಾಗ ಹಿಂದ ಬರಬೇಕಲ್ಲ?" ನನಗ ಉತ್ತರ ಬರಲಿಲ್ಲ. ಎರಡ ದಿನ ತಲಿ ಕೆಡಿಸಿಕೊಂಡೆ. ಮೂರನೇ ದಿನ ದೇವರ ಮನಿಯೊಳಗ ದೀಪ ನೋಡಿ ತಿಳೀತು. ದೀಪ ಊದಿದ್ರ ಆರತೈತಿ. ಅಷ್ಟ ದೂರದಿಂದ ಉಸರ ಒಳಗ ಎಳಕೊಂಡು ಆರಸಾಕ ನೋಡ್ರಿ, ಆರೂದಿಲ್ಲ. ಊದಿದ ಗಾಳಿ ಒಂದ ಕಡೆ ಸೀದಾ ಹೋಗತೈತಿ, ಎಳಕೊಳ್ಳೂ ಗಾಳಿ ಸುತ್ತಮುತ್ತಲಿಂದ ಬರತೈತಿ. ನೀರೂ ಹಂಗ. ಹೊರಗ ಹೋಗೂವಾಗ ಒಂದ ಧಾರಿ, ಒಳಗ ಬರೂವಾಗ ಎಲ್ಲಾ ಕಡಿಂದ. ಅದಕ್ಕ ದೋಣಿ ಮುಂದಕ್ಕೇ ಹೋಗತೈತಿ. ನಾನು ಎಸ್ಸೆಸ್ಸೆಲ್ಸಿ ಪಾಸಾಗೇನಿ. ಉಗಿ ಯಂತ್ರದ ಚಿತ್ರ ತಗದು ಭಾಗದ ಹೆಸರ ಬರದು ಮಾರ್ಕ್ಸ್ ತಗೊಂಡೇನಿ. ಮಿರಜ್–ಲೋಂಡಾ ಹಳಿ ಮೀಟರ್ ಗೇಜ್ ಇದ್ದಾಗ ಬೆಳಗಾವಿ ಸ್ಟೇಷನ್ನಿನ್ಯಾಗ ಉಗಿ ಇಂಜಿನ್ ಮುಂದ ನಿಂತ ಮಸಿ ಹಚ್ಚಿಕೊಂಡೇನಿ. ನಾ ಕಡದ ಕಬ್ಬಿನ ಸಿಪ್ಪಿ ಕಾರ್ಖಾನಿ ಬಾಯ್ಲರಿನ್ಯಾಗ ಉರದು ಉಗಿ ಆಗೂದೂ ಗೊತ್ತೈತಿ. ಆದ್ರ ಉಗಿ ಹೆಂಗ ದಬ್ಬತೈತಿ, ಹೆಂಗ ಎಳೀತೈತಿ ಅನ್ನೂದು ಈ ತಗಡಿನ ಆಟಿಗಿ ಮುಂದ ಕುಂತಾಗ ತಿಳೀತು.

ಈಗ ಮೂಲ ಮಾತಿಗೆ ಬರತೇನಿ. ಪರಾತ ಸಾಲಲಿಲ್ಲ. ಮೊಮ್ಮಗಂದೇನು, ನನಗೂ ದೋಣಿ ಸೀದಾ ದೂರ ಹೋಗೂದ ನೋಡಬೇಕಿತ್ತು. ಸಣ್ಣಾವ ಇದ್ದಾಗ ಖಾನಾಪುರ ತಾಲೂಕಿನ್ಯಾಗ ಅವ್ವನ ತವರಮನಿ ಕೆರಿಯೊಳಗ ನಾವು ಇದನ್ನ ಬಿಟ್ಟಿದ್ವಿ. ಆ ಕೆರಿ ನೆನಪ ಮಾಡ್ಕೊಂಡ್ರ ಒಂದ ಸಂಗತಿ ಕಾಣತೈತಿ. ದನ ಇಳಿಯೂ ಕಡೆ ದಂಡಿ ಭಾಳ ಇಳಿಜಾರ ಇರಲಿಲ್ಲ. ಮೊದಲ ಹಿಮ್ಮಡ ಮುಳುಗೂ ನೀರ, ಹತ್ತ ಹೆಜ್ಜಿ ಮುಂದ ಹೋದ್ರ ಮೊಣಕಾಲ, ಆಮೇಲೆ ನಡ. ಕಾಲಿಗೆ ಕೆಸರ ಹತ್ತತಿತ್ತು, ಆದ್ರ ಕಾಲ ನಿಲ್ಲತಿತ್ತು. ದೋಣಿ ಆಪ ಹುಲ್ಲಿಗೆ ಸಿಕ್ಕೊಂಡ್ರ ನಡಕೊಂಡ ಹೋಗಿ ತರತಿದ್ವಿ. ಬಟ್ಟಿ ಒದ್ದಿ ಆತು ಅಂತ ಬೈಸಿಕೊಂಡಿದ್ದ ಬಿಟ್ರ ಏನೂ ಆಗಲಿಲ್ಲ. ಎಷ್ಟ ಹುಡುಗರು ಆ ದಂಡ್ಯಾಗ ಆಡೇವಿ!

ನನ್ನ ಹೊಂಡ ಹಂಗಿಲ್ಲ. ನಾಕ ವರ್ಷದ ಹಿಂದ ಜೆಸಿಬಿ ಹಚ್ಚಿ ತಗಿಸಿದ್ದು. 18 ಮೀಟರ್ ಉದ್ದ, ಅಷ್ಟ ಅಗಲ, 3 ಮೀಟರ್ ಆಳ. ನಾಕೂ ಕಡೆ ಕಡಿದಾದ ಇಳಿಜಾರ, ಮ್ಯಾಲೆ ಕರೆ ಪ್ಲಾಸ್ಟಿಕ್. ಮೇ ತಿಂಗಳು, ನೀರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇತ್ತು, ಅಂದ್ರ ಇನ್ನೂ ನನ್ನ ಎತ್ತರಕ್ಕಿಂತ ಒಂದ ಗೇಣ ಹೆಚ್ಚು.

ಸಂಜಿ ನಾಕೂವರಿಗೆ ದೋಣಿ ಬಿಟ್ವಿ. ಭಾಳ ಛಂದ ಹೋತು, ಸುಳ್ಳ ಹೇಳೂದಿಲ್ಲ. ನಡಕ ಮುಟ್ಟಿದಾಗ ಪಡುವಣ ಗಾಳಿ ಬಂತು. ಅಂಗೈಯಷ್ಟ ತಗಡ ಗಾಳಿಗೆ ಎಲ್ಲಿ ನಿಲ್ಲತೈತಿ, ಮೂಡಣ ಮೂಲಿಗೆ ಹೋಗಿ ಪ್ಲಾಸ್ಟಿಕಿಗೆ ಬಡದು ವಾಲಿತು. ಬತ್ತಿ ಎಣ್ಣಿ ಚೆಲ್ಲಿ ನೀರಿನ ಮ್ಯಾಲೆ ಇದ್ದ ಪ್ಲಾಸ್ಟಿಕ್ ಎಂಟಾಣೆಯಷ್ಟ ಸುಟ್ಟಿತು. ನಾನು "ಅಯ್ಯೋ ಪ್ಲಾಸ್ಟಿಕ್" ಅಂದೆ. ಅದನ್ನ ನೆನಸಿಕೊಂಡ್ರ ಈಗಲೂ ನಾಚಿಕಿ. ನಾನು ಪ್ಲಾಸ್ಟಿಕ್ ನೋಡಾಕತ್ತಾಗ ಮೊಮ್ಮಗ ದೋಣಿ ತರಾಕ ಓಡಿದ್ದ. ಪಾಚಿ ಮ್ಯಾಲೆ ಕಾಲಿಟ್ಟ, ಸರ್ ಅಂತ ಜಾರಿ ಹೋದ.

ನನಗ ಈಜ ಬರತೈತಿ. ಹಾರಿದೆ, ಹಿಡದೆ. ದಂಡಿಗೆ ಬಂದೆ. ಆಮೇಲೆ ಏರಾಕ ಆಗಲಿಲ್ಲ. ಇದನ್ನ ಎರಡ ಸಲ ಓದ್ರಿ. ಈಜ ಬರೂ ಮನಷ್ಯಾಗ ದಂಡಿ ಕೈಯಾಗ ಇದ್ರೂ ಏರಾಕ ಆಗಲಿಲ್ಲ. ಕಾಲಿಟ್ರ ಜಾರತೈತಿ, ಕೈ ಇಟ್ರ ಜಾರತೈತಿ, ಉಗರ ಊರಿದ್ರ ಉಗರ ಜಾರತೈತಿ. ಒಂದ ಕೈಯಾಗ ಹುಡುಗ. ಪಂಪಿನ ಸಕ್ಷನ್ ಪೈಪ್ ಮೂಲಿಯೊಳಗ ಇಳಿಬಿಟ್ಟಿತ್ತು, ಅದು ಸಿಕ್ಕಿದ್ದಕ್ಕ ಈ ಬರಹ ಬರಿಯಾಕತ್ತೇನಿ. ಒದರಿದೆ. ಬಾಜೂ ಹೊಲದ ಮಾವ ಎತ್ತಿನ ಹಗ್ಗ ಬಿಚ್ಚಿಕೊಂಡ ಓಡಿ ಬಂದು ಒಗದ. ಮೊದಲ ಹುಡುಗನ್ನ, ಆಮೇಲೆ ನನ್ನ.

ಆ ರಾತ್ರಿ ಮನ್ಯಾಗ ಏನಾತು ಅಂತ ಬರಿಯೂದಿಲ್ಲ. ಮಗಳು ಫೋನಿನ್ಯಾಗ ಮಾತ ಆಡಲಿಲ್ಲ, ಅಷ್ಟ ಹೇಳತೇನಿ. ನನ್ನ ಹೆಂಡತಿ "ಆ ದೋಣಿ ಒಲಿಯಾಗ ಹಾಕ್ರಿ" ಅಂದ್ಲು. ಮರದಿನ ಕಟ್ಟಿ ಮ್ಯಾಲೆ ಕುಂತವರೂ ಅದನ್ನ ಅಂದ್ರು. "ಅಣ್ಣಾ, ಆಟಿಗಿ ಸಾಮಾನ ಹೊಲಕ್ಕ ತರಬಾರದಿತ್ತು."

ನಾ ಒಪ್ಪೂದಿಲ್ಲ. ದೋಣಿ ನಾಕ್ವತ್ತ ವರ್ಷದ ಹಿಂದ ಹೆಂಗಿತ್ತೋ ಈಗೂ ಹಂಗ ಐತಿ. ಹುಡುಗರು ಆವಾಗೂ ಓಡತಿದ್ರು, ಈಗೂ ಓಡತಾರ. ಬದಲಾಗಿದ್ದ ನೀರಿನ ದಂಡಿ. ದೋಣಿ ಇರಲಿಲ್ಲಂದ್ರ ಚೆಂಡ ಬೀಳತಿತ್ತು, ಚಪ್ಪಲಿ ಬೀಳತಿತ್ತು, ಕರ ನೀರ ಕುಡಿಯಾಕ ಇಳೀತಿತ್ತು. ಎರಡ ವರ್ಷದ ಹಿಂದ ನನ್ನ ಹೊಂಡದಾಗ ಒಂದ ನಾಯಿ ಬಿದ್ದ ಸತ್ತಿತ್ತು. ಸುತ್ತಲೂ ಪ್ಲಾಸ್ಟಿಕ್ ಮ್ಯಾಲೆ ಅದರ ಉಗರಿನ ಗೀರ ಇದ್ವು. ನಾನು ಕೋಲಿನಿಂದ ಹೆಣ ಎಳದು ಹಾಕಿ, ಪ್ಲಾಸ್ಟಿಕ್ ಹರದೈತೇನು ಅಂತ ನೋಡಿ, ಮನಿಗೆ ಹೋಗಿ ಊಟ ಮಾಡಿದೆ. ಬೇಲಿ ನೆನಪಾಗಲಿಲ್ಲ. ನೆನಪಾಗಿತ್ತು, ಮುಂದಿನ ಕಬ್ಬಿನ ಬಿಲ್ ಬರಲಿ ಅಂತ ಬಿಟ್ಟೆ. ಕಟ್ಟಿ ಮ್ಯಾಲೆ ಕುಂತವರೊಳಗ ಮೂರ ಮಂದಿಗೆ ಹೊಂಡ ಅದಾವ. ಒಬ್ಬರಿಗೂ ಬೇಲಿ ಇಲ್ಲ. ದೋಣಿಗೆ ಬೈಯೂದು ಸಸ್ತಾ ಬೀಳತೈತಿ.

ಕೃಷಿ ಭಾಗ್ಯ ಯೋಜನಿಯೊಳಗ ಹೊಂಡದ ಜೋಡಿ ತಂತಿ ಬೇಲಿಗೂ ಸಹಾಯಧನ ಇಟ್ಟಾರ, ರೈತ ಸಂಪರ್ಕ ಕೇಂದ್ರದಾಗ ಕೇಳಿ ನೋಡ್ರಿ. ನಾ ಸ್ವಂತ ರೊಕ್ಕದಲೆ ತಗಿಸಿದ್ದಕ್ಕ ಬೇಲಿನೂ ಸ್ವಂತ ರೊಕ್ಕದಲೇ ಹಾಕಿಸಿದೆ. ಆದ್ರ ಬೇಲಿಗಿಂತ ಮೊದಲ, ಮರದಿನ ಮುಂಜಾನೆನ ಮಾಡಿದ್ದು ಬ್ಯಾರೆ. ನಾಕೂ ಮೂಲಿಗೆ ಗೂಟ ಬಡದು, ಗೇಣಿಗೊಂದ ಗಂಟ ಹಾಕಿದ ದಪ್ಪ ಹಗ್ಗ ತಳದ ತನಕ ಇಳಿಬಿಟ್ಟೇನಿ. ಟ್ರ್ಯಾಕ್ಟರಿನ ಹಳೆ ಟ್ಯೂಬಿಗೆ ಗಾಳಿ ತುಂಬಿ ಹಗ್ಗ ಕಟ್ಟಿ ಇಟ್ಟೇನಿ. ಇದಕ್ಕ ಅರ್ಧ ದಿನ ಸಾಕು. ಬೇಲಿಗೆ ರೊಕ್ಕ ಇಲ್ಲ ಅನ್ನಾವ ಹಗ್ಗಕ್ಕೂ ಇಲ್ಲ ಅನ್ನಬ್ಯಾಡ್ರಿ.

ದೋಣಿ ಒಲಿಗೆ ಹಾಕಿಲ್ಲ. ಒಂದ ವಾರ ಮ್ಯಾಲೆ ಅಟ್ಟದಾಗ ಇಟ್ಟಿದ್ದೆ. ಹೋದ ರವಿವಾರ ಮಗಳ ಮುಂದ ತಗದೆ. ಹಿತ್ತಲದಾಗ ದನದ ಕಲ್ಲಬಾನಿ ಐತಲ್ಲ, ಅದರಾಗ. ದೋಣಿ ಹಿಂದ ಒಂದ ದಾರಾ ಕಟ್ಟಿ ಮೊಮ್ಮಗನ ಕೈಯಾಗ ಕೊಟ್ಟೆ, ಎಲ್ಲಿಗೆ ಹೋದ್ರೂ ಎಳಕೊಳ್ಳಲಿ ಅಂತ. ಅವ ನನಗಿಂತ ಹುಷಾರ, ಸಿರಿಂಜ್ ತಾನ ತಂದು ನೀರ ತುಂಬಿದ. ಮಗಳು ಮೊದಲ ದೂರ ನಿಂತಿದ್ಲು. ಪಟಪಟ ಸುರು ಆದ ಕೂಡಲೆ ಎಮ್ಮಿ ಬೆದರಿ ಹಗ್ಗ ಜಗ್ಗಿ ಬಾನಿಗೆ ಮೂತಿ ಹಾಕೂದ ಬಿಡ್ತು. ಆವಾಗ ಆಕಿ ನಕ್ಕಳು, ಹತ್ರ ಬಂದು "ಅಪ್ಪಾ, ಬತ್ತಿ ಸಣ್ಣದ ಹಾಕು, ಹೊಗಿ ಭಾಳ ಬರಾಕತ್ತೈತಿ" ಅಂದ್ಲು.