ಮಣ್ಣಿನ ಅಂಚಿನವರೆಗಿನ ವಿಮಾನ

ಯೋಗ್ಯವಾದ ಶವಪೆಟ್ಟಿಗೆ ಯಾವುದೆಂಬ ಪ್ರಶ್ನೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಬಹುಪಾಲು ಮನೆಗಳಲ್ಲಿ ಹುಟ್ಟುವುದೇ ಇಲ್ಲ. ಕ್ರೈಸ್ತರಲ್ಲಿ ಪೆಟ್ಟಿಗೆಯು ಮೃತರೊಡನೆ ನೆಲಕ್ಕಿಳಿಯುತ್ತದೆ. ಆದುದರಿಂದ ಅದರ ಆಯ್ಕೆಗೆ ಅಲ್ಲಿ ಅರ್ಥವುಂಟು. ಸುಡುವವರಿಗೆ ಬಿದಿರಿನ ಚಟ್ಟ ಸಾಕು. ಈ ಭಾಗದಲ್ಲಿ ಬಹುಸಂಖ್ಯೆಯಲ್ಲಿರುವ ಲಿಂಗಾಯತರಾದರೋ ಲಿಂಗೈಕ್ಯರಾದವರನ್ನು ವಿಮಾನದಲ್ಲಿ ಕುಳ್ಳಿರಿಸಿ ಒಯ್ದು, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಬಿಲ್ವಪತ್ರೆಗಳೊಡನೆ ಕ್ರಿಯಾಸಮಾಧಿ ಮಾಡುತ್ತಾರೆ. ಅಂತ್ಯಕ್ರಿಯೆಗೆ ಹೋಗುವುದನ್ನು ನಮ್ಮ ಕಡೆ ‘ಮಣ್ಣಿಗೆ ಹೋಗುವುದು’ ಎಂದೇ ಕರೆಯುವುದು. ಮಣ್ಣೇ ಇಲ್ಲಿ ಪೆಟ್ಟಿಗೆ. ವಿಮಾನವು ಗುಂಡಿಯ ಅಂಚಿನಲ್ಲಿಯೇ ನಿಂತುಬಿಡುವ ವಾಹನ.

ಆದರೂ ಹಣವೆಲ್ಲ ಸುರಿಯುವುದು ಆ ವಾಹನಕ್ಕೇ! ಬಡ ರೈತನ ಮನೆಯಲ್ಲಿ ಕಣ್ಣೀರು ಆರುವ ಮೊದಲೇ ಓಣಿಯ ಹಿರಿಯರು, “ಗೌಡರ ಮನೀ ವಿಮಾನ ಹ್ಯಾಂಗಿತ್ತು ನೋಡಿದ್ಯೋ ಇಲ್ಲೋ ತಮ್ಮಾ?” ಎಂದು ಕೇಳಿದರೆ, ಆ ಮಗನು ಇಲ್ಲವೆನ್ನುವುದು ಹೇಗೆ? ಹೂವಿನ ಮಂಟಪಕ್ಕೂ ಬಾಜಾಭಜಂತ್ರಿಗೂ ಕೈಗಡವಾಗುತ್ತದೆ. ಬಾಳೆಯ ಕಂಬ ಸಂಜೆಗೆ ಬಾಡುತ್ತದೆ, ಬಡ್ಡಿ ಬಾಡುವುದಿಲ್ಲ. ಇದನ್ನು ಭಕ್ತಿಯೆನ್ನಲು ನನಗೆ ಮನಸ್ಸು ಬಾರದು.

ನೆರೆಯ ಮುಸಲ್ಮಾನರನ್ನು ನೋಡಬೇಕು. ಮಸೀದಿಯಲ್ಲಿರುವ ಒಂದೇ ಜನಾಜಾ ಸಾಹುಕಾರನನ್ನೂ ಕೂಲಿಯವನನ್ನೂ ಹೊತ್ತು ಮರಳಿ ಬರುತ್ತದೆ. ಮಣ್ಣಿಗಿಳಿಯುವುದು ಬಿಳಿಯ ಕಫನಿನಲ್ಲಿ ಸುತ್ತಿದ ದೇಹವಷ್ಟೆ. 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿಯೇ ಕಣ್ಮುಚ್ಚಿದ ರಾಣಿ ಚೆನ್ನಮ್ಮನ ಸಮಾಧಿ ಆ ಊರಿನಲ್ಲಿಯೇ ಇದೆ. ಅದರ ಮುಂದೆ ಕೈಮುಗಿದು ನಿಂತವರಾರೂ ಆಕೆಯ ವಿಮಾನ ಎಂಥದಿತ್ತೆಂದು ಕೇಳಿದ್ದನ್ನು ನಾನು ಕಾಣೆ.

ಹಾಗೆಂದು ಇದು ಕಾಯಿದೆಯಿಂದ ಆಗುವ ಕೆಲಸವಲ್ಲ. 1784ರಲ್ಲಿ ಆಸ್ಟ್ರಿಯಾದ ದೊರೆ ಎರಡನೆಯ ಜೋಸೆಫನು, ತಳವು ತೆರೆದುಕೊಂಡು ಶವವನ್ನು ಗುಂಡಿಗೆ ಇಳಿಸುವಂಥ, ಮತ್ತೆ ಮತ್ತೆ ಬಳಸಬಹುದಾದ ಪೆಟ್ಟಿಗೆಯನ್ನು ಪ್ರಜೆಗಳ ಮೇಲೆ ಹೇರಿದನು. ಲೆಕ್ಕ ಸರಿಯಾಗಿಯೇ ಇದ್ದಿತು, ಮರವೂ ಉಳಿಯುತ್ತಿದ್ದಿತು. ಆದರೆ ಜನ ಕೆರಳಿದರು. ಮರುವರ್ಷವೇ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಸತ್ತವರ ವಿಷಯದಲ್ಲಿ ಅರಸನ ಅಪ್ಪಣೆಗಿಂತ ನೆರೆಮನೆಯ ನಡತೆಯೇ ಬಲವಾದುದು.

ಆದುದರಿಂದ ಊರಿಗೊಂದು ಗಟ್ಟಿಮುಟ್ಟಾದ ವಿಮಾನ ಮಠದಲ್ಲಿಯೋ ಗುಡಿಯಲ್ಲಿಯೋ ಇರಲಿ, ಮತ್ತು ಅದರಲ್ಲಿ ಮೊದಲು ಕೂಡುವವರು ಉಳ್ಳವರ ಮನೆಯ ಹಿರಿಯರಾಗಲಿ. ಬಡವರ ಮನೆಯಿಂದ ಮೊದಲಾದರೆ ಅದು ಬಡವರ ವಿಮಾನವೆಂದೇ ಹೆಸರಾದೀತು. ಹೂವನ್ನು ಅವರವರ ಹಿತ್ತಲಿನಿಂದ ತಂದರಾಯಿತು.